ಗಟ್ಟಿಗಿತ್ತಿಗೂ ಬೇಕು ಒಂದು ದಿನ ರಜೆ

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ಗಟ್ಟಿಗಿತ್ತಿ ಎಂದೇ ಕರೆಯುತ್ತಿದ್ದರು. ಬಸ್ಸಿನ ಚಕ್ರ ಬಿಚ್ಚಿ ಜೋಡಿಸುವುದು ಅವಳ ಕೆಲಸ. ಇಬ್ಬರು ಗಂಡಸರು ಏದುಸಿರು ಬಿಡುತ್ತಾ ಎತ್ತುವ ಟೈರನ್ನು ಒಬ್ಬಳೇ ಎತ್ತಿ ನಿಲ್ಲಿಸಿ, "ಮುಂದಿನದು ತನ್ನಿ" ಅನ್ನುವವಳು. ಹಾಗಾಗಿ ಆರು ತಿಂಗಳ ಬಳಿಕ ಊರಿನಲ್ಲಿ ಹೆಂಗಸರಿಗೆ ಫಿಟ್‌ನೆಸ್ ಸ್ಪರ್ಧೆ ಇದೆ ಅಂತ ಗೊತ್ತಾದಾಗ, ಜೊತೆಗಾರರು ಅವಳನ್ನು ಒಂದು ಮಾತೂ ಕೇಳದೆ ಹೆಸರು ಕೊಟ್ಟು ಬಂದರು. ಓಟ, ಹಗ್ಗ ಹತ್ತುವುದು, ಮರಳಿನ ಮೂಟೆ ಹೊತ್ತು ನಡೆಯುವುದು, ಮೂರೂ ಇದ್ದವು.

ಅವಳಿಗಿಂತ ಹೆಚ್ಚು ಹುರುಪು ಬಂದದ್ದು ಅವಳ ಅತ್ತೆಗೆ. ಅತ್ತೆ ಒಂದು ಕಾಲದಲ್ಲಿ ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊತ್ತವರು. ಸೊಸೆ ಗೆಲ್ಲಲೇಬೇಕು ಅಂತ ಪಣ ತೊಟ್ಟುಬಿಟ್ಟರು. ಬೆಳಗಿನ ಜಾವ ಹೊದಿಕೆ ಎಳೆದು ಎಬ್ಬಿಸುವರು.

"ಏಳಮ್ಮ. ಮಲಗಿ ಗೆದ್ದವರನ್ನ ನಾನಂತೂ ಕಂಡಿಲ್ಲ."

ಬೆಳಿಗ್ಗೆ ಓಟ. ಹಗಲೆಲ್ಲ ಡಿಪೋದಲ್ಲಿ ಚಕ್ರಗಳ ಜೊತೆ ಗುದ್ದಾಟ. ಸಂಜೆ ಮತ್ತೆ ಮೂಟೆ, ಹಗ್ಗ. ಭಾನುವಾರವೂ ಬಿಡುವಿಲ್ಲ. ಮೊದಮೊದಲು ಮೈ ಹಗುರವಾಯಿತು, ಉಸಿರು ಹಿಡಿತಕ್ಕೆ ಬಂತು. ಆಮೇಲೆ ಯಾಕೋ ಎಲ್ಲವೂ ಹಿಂದಕ್ಕೆ ಹೊರಳಿತು. ನಿನ್ನೆ ಓಡಿದಷ್ಟು ಇವತ್ತು ಓಡಲಾಗದು. ಅರ್ಧ ಹಗ್ಗ ಹತ್ತುವಷ್ಟರಲ್ಲಿ ಕೈ ಸೋಲುವುದು.

"ಸಾಲದು ಅತ್ತೆ, ಇನ್ನೂ ಜಾಸ್ತಿ ಮಾಡ್ಬೇಕು ಅನ್ಸುತ್ತೆ" ಅಂದಳು.

"ಮಾಡು ಮತ್ತೆ" ಅಂದರು ಅತ್ತೆ.

ಇನ್ನೂ ಜಾಸ್ತಿ ಮಾಡಿದಳು. ಮೈ ಹಣ್ಣಾಗಿದ್ದರೂ ಹಾಸಿಗೆಗೆ ಬಿದ್ದರೆ ನಿದ್ದೆ ಸುಳಿಯದು. ಊಟ ರುಚಿಸದು. ಮಗಳು ಲೆಕ್ಕ ಹೇಳಿಕೊಡು ಅಂತ ಪುಸ್ತಕ ಹಿಡಿದು ಬಂದರೆ ರೇಗಿ ಕಳಿಸಿದಳು. ಆಮೇಲೆ ತಾನೇ ಬಚ್ಚಲಲ್ಲಿ ನಿಂತು ಅತ್ತಳು. ಎಡಗಾಲಿನ ಮುಂದಿನ ಮೂಳೆಯಲ್ಲಿ, ಮೊಣಕಾಲಿನ ಕೆಳಗೆ, ಒಂದೇ ಕಡೆ ಚುಚ್ಚಿದಂತೆ ನೋವು. ಅತ್ತೆ ಎಣ್ಣೆ ಹಚ್ಚಿ ತಿಕ್ಕಿದರು. ಅವಳು ಹಲ್ಲು ಕಚ್ಚಿ ಮತ್ತೆ ಓಡಿದಳು.

ಒಂದು ದಿನ ವರ್ಕ್‌ಶಾಪಿನಲ್ಲಿ ಚಕ್ರ ಎತ್ತಿ ನಿಲ್ಲಿಸುವಾಗ ಕಾಲು ಚಳಕ್ ಅಂತು. ಕೈಯಲ್ಲಿ ಕಸುವಿಲ್ಲ. ಚಕ್ರ ಜಾರಿ ಉರುಳಿ, ಪಕ್ಕದಲ್ಲಿ ಕೂತು ವೈರು ಜೋಡಿಸುತ್ತಿದ್ದ ಎಲೆಕ್ಟ್ರಿಷಿಯನ್ ಅಣ್ಣನ ಕಡೆ ಹೋಯಿತು. ಆತ ಹಿಂದಕ್ಕೆ ಎಗರಿದ. ಚಕ್ರ ಆತನ ಸಾಮಾನಿನ ಡಬ್ಬಿಯನ್ನು ಅಪ್ಪಚ್ಚಿ ಮಾಡಿ ಗೋಡೆಗೆ ಬಡಿದು ನಿಂತಿತು.

"ನನಗೇನೂ ಆಗಿಲ್ಲ ಬಿಡಮ್ಮ" ಅಂದ ಆತ. ಆದರೆ ಆತನ ತುಟಿ ಬಿಳುಚಿತ್ತು. ಅವಳು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಮೇಸ್ತ್ರಿ ಅವಳನ್ನು ಆಟೋ ಹತ್ತಿಸಿ ಮನೆಗೆ ಕಳಿಸಿದರು.

ಸುದ್ದಿ ತಿಳಿದು ಸಂಜೆ ನಾದಿನಿ ಬಂದಳು. ಆಕೆ ಆರೋಗ್ಯ ಕೇಂದ್ರದಲ್ಲಿ ನರ್ಸು. ಅತ್ತಿಗೆಯ ಕಾಲನ್ನು ಮಡಿಲಲ್ಲಿಟ್ಟುಕೊಂಡು ನೋವಿದ್ದ ಜಾಗವನ್ನು ಮೆಲ್ಲಗೆ ಒತ್ತಿದಳು. ಗಟ್ಟಿಗಿತ್ತಿ ಉಸಿರು ಬಿಗಿಹಿಡಿದಳು.

"ಅತ್ತಿಗೆ, ನೀವು ಸುಮ್ಮನೆ ಕೂತು ಎಷ್ಟು ದಿನ ಆಯ್ತು?"

"ಕೂತರೆ ಗೆಲ್ಲೋದು ಹೇಗೆ?"

"ಬಸ್ಸು ಓಡ್ತಿರುವಾಗ ಚಕ್ರ ಬಿಚ್ತೀರಾ?"

"ಯಾರಾದ್ರೂ ಬಿಚ್ತಾರಾ? ನಿಂತ ಮೇಲೆ ತಾನೆ."

"ಮೈಯದೂ ಅದೇ ಕಥೆ. ಕಸರತ್ತು ಮಾಡುವಾಗ ಮಾಂಸಖಂಡ ಸವೆಯುತ್ತೆ. ಅದು ರಿಪೇರಿಯಾಗಿ ಮೊದಲಿಗಿಂತ ಗಟ್ಟಿಯಾಗೋದು ನಾವು ವಿಶ್ರಾಂತಿ ತಗೊಂಡಾಗ, ನಿದ್ದೆ ಮಾಡಿದಾಗ. ನೀವು ರಿಪೇರಿಗೇ ಬಿಡ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಮೂಗು ಮುರಿದರು. "ಇದೆಲ್ಲ ಸೋಮಾರಿಗಳ ಮಾತು. ನಾನು ಇಟ್ಟಿಗೆ ಹೊರುವಾಗ ಯಾವ ವಿಶ್ರಾಂತಿ ಇತ್ತು?"

"ಬೇಕು ಅಂತ ಅನ್ನಿಸ್ತಿರ್ಲಿಲ್ವಾ ಅಮ್ಮ?"

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತರು. "ದಿನಾ ಅನ್ನಿಸ್ತಿತ್ತು. ಕೇಳೋರು ಯಾರಿದ್ರು?" ಅಂದರು.

ಆಮೇಲೆ ಅತ್ತೆಯೇ ಬಂದು ಸೊಸೆಯ ಪಕ್ಕ ಕೂತರು. ಕಾಲಿನ ಮೇಲೆ ಕೈಯಿಟ್ಟು, "ಇದಕ್ಕೇನು ಮಾಡ್ಬೇಕು ಹೇಳು" ಅಂತ ನರ್ಸು ಮಗಳನ್ನು ಕೇಳಿದರು.

ಮಾರನೆಯ ದಿನ ಮೂವರೂ ಡಾಕ್ಟರ ಬಳಿ ಹೋದರು. ಮೂಳೆ ಬಿರುಕು ಬಿಟ್ಟಿರಲಿಲ್ಲ, ಆದರೆ ಬಿಡುವ ಹಾದಿಯಲ್ಲಿತ್ತು. ಇನ್ನು ಕೆಲವು ವಾರ ಓಟ ಬೇಡ, ಭಾರ ಎತ್ತುವ ಕೆಲಸವೂ ಬೇಡ ಅಂದರು ಡಾಕ್ಟರು. ಮೇಸ್ತ್ರಿ ಅವಳನ್ನು ಕೂತು ಮಾಡುವ ಕೆಲಸಕ್ಕೆ ಹಾಕಿದರು.

ಅವಳಿಗೆ ಮೊದಲು ಸಂಕಟವಾಯಿತು. ಎಲ್ಲ ಕೈಬಿಟ್ಟುಹೋಯಿತು ಅನ್ನಿಸಿತು. ಆದರೆ ಅತ್ತೆ ಈಗ ಬೇರೆ ಕಾವಲಿಗೆ ನಿಂತಿದ್ದರು. ಹೊತ್ತಿಗೆ ಸರಿಯಾಗಿ ಮಲಗಿಸುವರು. ಮೊಟ್ಟೆ, ಕಾಳು, ಹಾಲು, ಹಣ್ಣು ಎದುರಿಗಿಟ್ಟು ತಿನ್ನುವವರೆಗೂ ಕದಲರು. ಭಾನುವಾರ ಅವಳು ಎದ್ದು ಶೂ ಹುಡುಕಿದರೆ, "ಅದು ನನ್ನ ಹತ್ರ ಇದೆ, ಹೋಗಿ ಮಲಗು" ಅನ್ನುವರು.

ಕಾಲಿನ ನೋವು ಹೋಯಿತು. ಡಾಕ್ಟರು ಸರಿ ಅಂದ ಮೇಲೆ ಅವಳು ಮತ್ತೆ ಸ್ವಲ್ಪ ಸ್ವಲ್ಪವಾಗಿ ಓಡತೊಡಗಿದಳು. ಒಂದು ದಿನ ಜೋರಾಗಿ ಮಾಡಿದರೆ ಮರುದಿನ ಹಗುರ. ವಾರಕ್ಕೊಂದು ದಿನ ಏನೂ ಇಲ್ಲ. ಹಗ್ಗದ ತುದಿ ಮುಟ್ಟಿದ ದಿನ ತನಗೇ ನಂಬಿಕೆ ಬರದೆ, ಇಳಿದು ಬಂದು ಮತ್ತೊಮ್ಮೆ ಮೇಲೆ ನೋಡಿದಳು.

ಸ್ಪರ್ಧೆಯ ದಿನ ಓಟದಲ್ಲಿ ಹಿಂದೆ ಬಿದ್ದಳು. ಹಗ್ಗದಲ್ಲಿ ಅವಳನ್ನು ಮೀರಿಸಿದವರಿಲ್ಲ. ಒಟ್ಟಿನಲ್ಲಿ ಮೂರನೆಯವಳಾದಳು. ಡಿಪೋದವರು ಶಿಳ್ಳೆ ಹೊಡೆದರು.

ಮನೆಗೆ ಬಂದಾಗ ಪಕ್ಕದ ಮನೆಯಾಕೆ ರಾಗ ಎಳೆದಳು. "ಇನ್ನೊಂಚೂರು ಕಷ್ಟಪಟ್ಟಿದ್ರೆ ಮೊದಲನೇ ಬಹುಮಾನವೇ ಬರ್ತಿತ್ತೇನೋ."

"ಇನ್ನೊಂಚೂರು ಕಷ್ಟಪಟ್ಟಿದ್ರೆ ಕಾಲಿಗೆ ಪಟ್ಟಿ ಕಟ್ಕೊಂಡು ಇಲ್ಲೇ ನಿಮ್ಮ ಜೊತೆ ಜಗಲಿ ಮೇಲೆ ಕೂತಿರ್ತಿದ್ದಳು" ಅಂದರು ಅತ್ತೆ. "ಬನ್ನಿ, ಚಹಾ ಕುಡೀರಿ. ಗಲಾಟೆ ಮಾಡ್ಬೇಡಿ, ಅವಳು ಮಲಗ್ಬೇಕು."

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ನೀವೂ ಯಾವುದಾದರೂ ಸ್ಪರ್ಧೆಗೆ ತಯಾರಾಗುತ್ತಿದ್ದೀರಾ? ಚೆನ್ನಾಗಿ ಬೆವರು ಸುರಿಸಿ. ಕಸರತ್ತನ್ನು ಒಮ್ಮೆಲೇ ಏರಿಸದೆ ಮೆಲ್ಲಮೆಲ್ಲನೆ ಹೆಚ್ಚಿಸಿ. ವಾರಕ್ಕೆ ಒಂದು ದಿನವಾದರೂ ಪೂರ್ತಿ ಬಿಡುವು ಕೊಡಿ, ದಿನಾ ಏಳೆಂಟು ಗಂಟೆ ನಿದ್ದೆ ಮಾಡಿ, ಹೊಟ್ಟೆ ತುಂಬಾ ತಿನ್ನಿ. ಮೊದಲಿಗಿಂತ ಶಕ್ತಿ ಕುಗ್ಗಿದರೆ, ನಿದ್ದೆ ಬಾರದಿದ್ದರೆ, ಸುಮ್ಮಸುಮ್ಮನೆ ಸಿಟ್ಟು ಬಂದರೆ ಅದು ಮೈ ಸಾಕು ಅನ್ನುವ ರೀತಿ ಇರಬಹುದು. ಮೂಳೆಯಲ್ಲಿ ಒಂದೇ ಕಡೆ ನೋವು ನಿಂತರೆ ತಿಕ್ಕಿ ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ದಣಿಯುತ್ತಿದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ: "ನೀನು ಸುಮ್ಮನೆ ಕೂತು ಎಷ್ಟು ದಿನ ಆಯ್ತು?"