ದಾನಿಯೇಲ ಮಾಸ್ತರು ಬಿಟ್ಟುಹೋದ ಚಹಾ

ಇದಕ್ಕೂ ಕೆನೆ ಕಟ್ಟಿದೆ, ಇದಕ್ಕೂ, ಆರಾಧನೆ ಮುಗಿದದ್ದೇ ತಡ ಜನ ಅರ್ಧರ್ಧ ಚಹಾ ಬಿಟ್ಟು ಎದ್ದುಹೋಗುತ್ತಾರೆ, ಕಪ್ ತೊಳೆಯಲು ಸುವಾರ್ತಾ ಇದ್ದಾಳಲ್ಲ, ಶಿಗ್ಗಾವಿಯ ಈ ಪುಟ್ಟ ಸಭೆಯಲ್ಲಿ ನಲವತ್ತು ದಾಟಿಯೂ ಮದುವೆಯಾಗದವಳು ಅವಳೊಬ್ಬಳೇ, ನಿನಗೇನವಾ, ಗಂಡನ ಕಾಟಿಲ್ಲ ಮಕ್ಕಳ ಕಾಟಿಲ್ಲ ಎನ್ನುತ್ತಲೇ ಕಪ್, ಕುರ್ಚಿ, ಸಂಡೇ ಸ್ಕೂಲು, ಪಾಸ್ಟರರ ಮಕ್ಕಳ ಹೋಂವರ್ಕು, ಎಲ್ಲ ಅವಳ ತಲೆಗೇ, ಇವತ್ತಂತೂ ಪಾಸ್ಟರು ಪ್ರಸಂಗದ ನಡುವೆ ಮದವಿನೂ ದೇವರ ಕೃಪಾವರ ಐತ್ರಿ, ಒಂಟಿಯಾಗಿರೋದೂ ಕೃಪಾವರ ಐತ್ರಿ ಎಂದು ಕೈಮಾಡಿ ತೋರಿಸಿದ್ದು ಅವಳನ್ನೇ, ಎಲ್ಲರೂ ಹೊರಳಿ ನೋಡಿದರು, ಮೇಲೆ ಆಮೆನ್ ಬೇರೆ — ಅಯ್ಯೋ ದೇವರೇ, ಕೊಟ್ಟದ್ದು ಅವಳಿಗಂತೆ, ಗೊತ್ತಾದದ್ದು ಮಾತ್ರ ಊರಿಗೆಲ್ಲ ಮೊದಲು! ಬೈಬಲ್ಲಿನ ಪೌಲನಾದರೂ ಒಬ್ಬೊಬ್ಬರಿಗೆ ಒಂದೊಂದು ವರ ಎಂದನೇ ಹೊರತು ಯಾರಿಗೆ ಯಾವುದೆಂದು ಪಾಸ್ಟರರನ್ನು ಕೇಳಿ ಎಂದನೇ, ಅದು ಹಾಳಾಗಿ ಹೋಗಲಿ, ಈಗಷ್ಟೇ ಪಾಸ್ಟರಮ್ಮ ಬಾಗಿಲಲ್ಲಿ ನಿಂತು, ಹೊಗಳುವವರ ಹಾಗೆ, ಹಿರೇಕೆರೂರಿನ ದಾನಿಯೇಲ ಮಾಸ್ತರು ಹ್ವಾದ ಕ್ರಿಸ್‌ಮಸ್ಸಿಗೆ ಬಂದಿದ್ರಲ್ಲವಾ, ನಿನ್ನ ಕೇಳಾಕ ಬಂದಿದ್ರು, ನಮ್ಮನಿಯವರು ಆಕಿಗೆ ಒಂಟಿ ಇರೋ ಕೃಪಾವರ ಐತ್ರಿ, ದೇವರ ಕೆಲಸಕ್ಕ ಮೀಸಲು, ಬ್ಯಾಡ್ರಿ ಅಂತ ತಿಳಿಸಿ ಹೇಳಿ ಕಳಿಸಿದ್ರು — ಅಂದವರೇ ನಡೆದುಬಿಟ್ಟರು, ನಳ ಸುರಿಯುತ್ತಲೇ ಇದೆ, ಬಂದ್ ಮಾಡಬೇಕು.

ಅವತ್ತು ಮಾಸ್ತರಿಗೆ ಚಹಾ ಕೊಟ್ಟವಳೂ ಅವಳೇ, ತಲೆಯೆತ್ತಿ ನೋಡಿ ಭಾಳ ಚಲೋ ಆಗೇತ್ರಿ ಎಂದಿದ್ದರು, ಆಮೇಲೆ ಬಂದು ನೋಡಿದರೆ ಕುರ್ಚಿ ಖಾಲಿ, ಕಪ್ ಅರ್ಧ, ಮೇಲೆ ಕೆನೆ, ಸಕ್ಕರೆ ಹೆಚ್ಚಾಯಿತೇನೋ, ಶುಂಠಿ ಕಮ್ಮಿಯಾಯಿತೇನೋ ಎಂದು ತಿಂಗಳುಗಟ್ಟಲೆ ಕೊರಗಿದ್ದಳಲ್ಲ, ಎಂಥ ಹುಚ್ಚಿ! ಮದುವೆ ಬೇಕಿತ್ತೇ ಅವಳಿಗೆ, ಗೊತ್ತಿಲ್ಲ, ನಿಜಕ್ಕೂ ಗೊತ್ತಿಲ್ಲ, ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯುತ್ತ ಕೀರ್ತನೆ ಹಾಡಿಕೊಳ್ಳುವ ಸಂಜೆಯೆಂದರೆ ಅವಳಿಗೆ ಪ್ರಾಣ, ಒಲ್ಲೆ ಎನ್ನುತ್ತಿದ್ದಳೋ ಏನೋ, ಒಲ್ಲೆ ಎಂದರೂ ಅದು ಅವಳ ಬಾಯಿಂದ ಬರಬೇಕಿತ್ತಲ್ಲ, ಗೋಡೆಯಾಚೆ ಅವಳು ಇನ್ನಷ್ಟು ಹಾಲು ಕಾಸುತ್ತಿರುವಾಗ ಈಚೆ ಅವಳ ಮಾತನ್ನು ಬೇರೆಯವರು ಆಡಿ ಮುಗಿಸಿದರಲ್ಲ, ಹಿರೇಕೆರೂರಿನ ಬಸ್ಸು ಹತ್ತಿ ಹೋಗಿಬಿಡಲೇ, ಹೋಗಿ ಏನಂತ ಹೇಳಲಿ, ಮೇ ತಿಂಗಳಲ್ಲೇ ಹಾನಗಲ್ಲಿನ ಹುಡುಗಿಯೊಂದಿಗೆ ಅವರ ಮದುವೆಯಾಯಿತು, ಅಲ್ಲಿಯೂ ಚಹಾ ಹಂಚಿದವಳು ಅವಳೇ, ನಿನಗೇನವಾ ಅಂದಿದ್ದರು, ಹಂಚಿದಳು, ಮಾಸ್ತರು ಅವಳ ಕೈಯಿಂದ ಕಪ್ ತೆಗೆದುಕೊಂಡರೂ ಮುಖ ನೋಡಲಿಲ್ಲ, ಯಾಕೆಂದು ಆಗ ತಿಳಿದಿರಲಿಲ್ಲ, ಈಗ — ಆ ಕಪ್, ಕ್ರಿಸ್‌ಮಸ್ಸಿನದು, ಮೋರಿಗೆ ಚೆಲ್ಲಿದವಳೂ ಅವಳೇ, ಚೆಲ್ಲುವಾಗ ಕೈಗೆ ತಗುಲಿತ್ತು, ಇನ್ನೂ ಬೆಚ್ಚಗಿತ್ತು, ಅರ್ಧ ಚಹಾ, ಮೇಲೆ ಕೆನೆ, ಬೆಚ್ಚಗಿತ್ತು