ಸೀಟಿನ ಕೆಳಗೆ ಉಳಿದ ಕಲ್ಲು

ನಾನೊಂದು ಕಲ್ಲು. ಚಿತ್ರದುರ್ಗದ ಕಲ್ಲು ಎಂದ ಕೂಡಲೇ ಕೋಟೆಯದಿರಬೇಕೆಂದು ಕೈ ಮುಗಿಯಬೇಡಿ. ಕೋಟೆಗೂ ನನಗೂ ಯಾವ ನೆಂಟಸ್ತಿಕೆಯೂ ಇಲ್ಲ. ಪಾಲಯ್ಯನೆಂಬ ಕಲ್ಲುಕುಟಿಗ ಒರಳುಕಲ್ಲು ಮಾಡಲೆಂದು ಗುಂಡೊಂದನ್ನು ಸೀಳಿದಾಗ ಉಳಿದ ಚೂರು ನಾನು. ಒಂದೇ ಗುಂಡಿನ ಹೊಟ್ಟೆಯಲ್ಲಿದ್ದ ಅಕ್ಕ ಒರಳಾಗಿ ಯಾರದೋ ಅಡುಗೆಮನೆ ಸೇರಿದಳು, ಹಬ್ಬಕ್ಕೆ ಅರಿಸಿನ ಕುಂಕುಮ ಹಚ್ಚಿಸಿಕೊಂಡಳು. ನಾನು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಯಾವ ಕೆಲಸಕ್ಕೂ ಬಾರದ ಆಕಾರ ಎಂದು ಪಾಲಯ್ಯ ನನ್ನನ್ನು ರಸ್ತೆ ಬದಿಗೆ ಎಸೆದ.

ಆದರೆ ಆ ಆಕಾರಕ್ಕೂ ಒಂದು ಕೆಲಸವಿತ್ತು. ಲಾರಿ ಡ್ರೈವರೊಬ್ಬ ನನ್ನನ್ನು ಎತ್ತಿಕೊಂಡ. ಏರಿನಲ್ಲಿ ಲಾರಿ ನಿಲ್ಲಿಸಿದಾಗ ಹಿಂದಿನ ಗಾಲಿ ಜಾರದಂತೆ ನನ್ನನ್ನು ಒತ್ತು ಕೊಡುತ್ತಿದ್ದ. ಹತ್ತು ಟನ್ ಭಾರ ನನ್ನ ಮೇಲೆ ಒರಗಿ ನಿಲ್ಲುತ್ತಿತ್ತು. ನಾನು ಒಮ್ಮೆಯೂ ಜಾರಲಿಲ್ಲ. ಹೆಮ್ಮೆಯಿಂದ ಹೇಳುತ್ತಿದ್ದೇನೆ, ಏಕೆಂದರೆ ಹೆಮ್ಮೆಯಿಂದ ಹೇಳಲು ನನ್ನ ಬಾಳಿನಲ್ಲಿ ಇರುವುದು ಇದೊಂದೇ. ಒಂದು ಬೆಳಿಗ್ಗೆ ಆತ ಚಹಾ ಕುಡಿದು ಲಾರಿ ಹತ್ತಿ ನನ್ನನ್ನು ನಡುರಸ್ತೆಯಲ್ಲೇ ಬಿಟ್ಟು ಹೋದ.

ಹಿಂದಿನಿಂದ ಒಂದು ಹಳೆಯ ಬಿಳಿ ಕಾರು ಬಂದು ನಿಂತಿತು. ಹೆಂಗಸೊಬ್ಬಳು ಇಳಿದಳು.

"ಯಾರಾದ್ರೂ ಗಾಡಿಯವ್ರು ಎಡವಿ ಬೀಳ್ತಾರ್ರೀ. ತೆಗೆದು ಹಾಕ್ತೀನಿ ತಡೀರಿ" ಎಂದು ನನ್ನನ್ನು ಎತ್ತಿದಳು. ತಿರುಗಿಸಿ ನೋಡಿದಳು. "ನಮ್ ಕಾರಿಗೆ ಇಂಥದ್ದೇ ಬೇಕಾಗಿತ್ತು ನೋಡ್ರಿ!"

ಅವಳು ಹಾಲಮ್ಮ. ಸ್ಟೇರಿಂಗ್ ಹಿಡಿದಿದ್ದವರು ಅವಳ ಗಂಡ ಮುರುಗೇಂದ್ರಪ್ಪ, ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಊರಿನ ಮಕ್ಕಳನ್ನೆಲ್ಲ 'ನಿಲ್' ಎಂದರೆ ನಿಲ್ಲಿಸುತ್ತಿದ್ದ ಮೇಷ್ಟ್ರಿಗೆ ತಮ್ಮ ಕಾರನ್ನು ಮಾತ್ರ ನಿಲ್ಲಿಸಲು ಬರುತ್ತಿರಲಿಲ್ಲ. ಅದರ ಹ್ಯಾಂಡ್‌ಬ್ರೇಕ್ ಎಳೆದರೆ ಕರ್ ಎಂದು ಕೂಗುತ್ತಿತ್ತು, ಹಿಡಿಯುತ್ತಿರಲಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುವುದನ್ನು ನಾನು ಅದರಿಂದಲೇ ಕಲಿತೆ. ಹಾಗಾಗಿ ಎಲ್ಲಿ ಕಾರು ನಿಂತರೂ ಹಾಲಮ್ಮ ಮೊದಲು ಇಳಿದು ನನ್ನನ್ನು ಗಾಲಿಗೆ ಕೊಡುವಳು. ಹೊರಡುವಾಗ ಸೆರಗಿನಿಂದ ಮಣ್ಣು ಒರೆಸಿ ತನ್ನ ಸೀಟಿನ ಕೆಳಗೆ ಇಡುವಳು. ನಾಲ್ಕು ವರ್ಷ ನಾವು ಹಾಗೆ ಬಾಳಿದೆವು.

ಆಮೇಲೆ ಆ ದಿನ ಬಂತು. ಅವರ ಮಗಳು ಉಮಾಳನ್ನು ದುರ್ಗದ ಕಡೆಯವರು ನೋಡಿ ಒಪ್ಪಿದ್ದರು. ಈಗ ಹೆಣ್ಣಿನವರು ಹುಡುಗನ ಮನೆ ನೋಡಿಕೊಂಡು ಬರಬೇಕಾದ ಸರದಿ. ಉಮಾಳಿಗೆ ಇದಕ್ಕೆ ಮೊದಲು ಎರಡು ಸಂಬಂಧ ಕೂಡಿಬಂದು ಮುರಿದಿದ್ದವು. ದಾರಿಯಲ್ಲಿ ಸಿಕ್ಕ ಗುಡಿಗಳಿಗೆಲ್ಲ ಹಾಲಮ್ಮ ಕಾರಿನೊಳಗಿಂದಲೇ ಕೈ ಮುಗಿದಳು.

ಹುಡುಗನ ಮನೆ ಗುಡ್ಡದ ಕಡೆ ಏರುವ ಬೀದಿಯಲ್ಲಿ. ಮನೆಯ ಮುಂದಿನ ಹೊಂಗೆಮರದ ನೆರಳಿನಲ್ಲಿ ಮೇಷ್ಟ್ರು ಕಾರು ನಿಲ್ಲಿಸಿದರು. ಹತ್ತು ಹೆಜ್ಜೆ ಕೆಳಗೆ ನೀರಿನ ಕ್ಯಾನ್ ಹೊರುವ ಗೂಡ್ಸ್ ಆಟೋ ನಿಂತಿತ್ತು. ಅದರ ಹಿಂದಿನ ಗಾಲಿಗೆ ನನ್ನಂಥದೇ ಒಂದು ಕಲ್ಲು. ಆಟೋ ಓಡಿಸುವ ಓಬಳೇಶ ಎರಡು ಕ್ಯಾನ್ ಹೆಗಲಿಗೇರಿಸಿಕೊಂಡು ಎದುರು ಮನೆಯ ಮಹಡಿಗೆ ಹೊರಟವನು, ಹಾಲಮ್ಮನನ್ನು ನೋಡಿ ನಿಂತ.

"ಅವ್ವಾರೆ, ಗಾಲಿಗೊಂದು ಕಲ್ಲು ಕೊಡ್ರಿ. ಇಲ್ಲಿ ಇಳಿಜಾರು ಬಾಳ ಐತೆ."

ಹಾಲಮ್ಮ ತಲೆಯಾಡಿಸಿ ನನ್ನನ್ನು ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಹುಡುಗನ ಮನೆಯ ಗೇಟು ತೆರೆಯಿತು. ಮೇಷ್ಟ್ರು ಹಲ್ಲು ಕಚ್ಚಿ ಪಿಸುಗುಟ್ಟಿದರು. "ರೇಷ್ಮೆ ಸೀರೆ ಉಟ್ಕೊಂಡು ಬೀಗರ ಬಾಗ್ಲಲ್ಲಿ ಕಲ್ಲು ಹೊರ್ತೀಯೇನೇ? ಒಳಗಿಡು ಮೊದ್ಲು!"

ಹಾಲಮ್ಮ ನನ್ನನ್ನು ಸೀಟಿನ ಕೆಳಗೆ ನೂಕಿ ಬಾಗಿಲು ಹಾಕಿದಳು. ಅವಳು ನನ್ನ ದೆಸೆಯಿಂದ ನಾಚಿಕೊಂಡದ್ದು ಅದೇ ಮೊದಲು. ಗಡಿಬಿಡಿಯಲ್ಲಿ ಮೇಷ್ಟ್ರು ಕಾರನ್ನು ಗೇರಿಗೆ ಹಾಕುವುದನ್ನೂ ಮರೆತರು.

ಒಳಗೆ ಉಪ್ಪಿಟ್ಟಿನ ತಟ್ಟೆಗಳ ಸದ್ದಾಗುವ ಹೊತ್ತಿಗೆ ಹ್ಯಾಂಡ್‌ಬ್ರೇಕ್ ಮೆಲ್ಲಗೆ ಕೈಬಿಟ್ಟಿತು. ಕಾರು ಹಿಂದಕ್ಕೆ ಸರಿಯತೊಡಗಿತು. ನಾನು ಅದರೊಳಗೇ ಕೂತಿದ್ದೆ. ಯಾವ ಗಾಲಿಯ ಕೆಳಗೆ ನಾನಿರಬೇಕಿತ್ತೋ ಅದರ ಮೇಲೆಯೇ ಸವಾರಿ ಮಾಡುತ್ತ ಇಳಿದೆ. ಒಂದು, ಎರಡು, ಮೂರು... ಹತ್ತು ಹೆಜ್ಜೆ. ಢಮಾರ್! ಕಾರಿನ ಹಿಂಭಾಗ ನುಗ್ಗಾಯಿತು, ಆಟೋದ ಮುಂದಿನ ಗಾಜು ಪುಡಿಯಾಯಿತು. ಓಬಳೇಶನ ಕಲ್ಲು ಮಾತ್ರ ತನ್ನ ಗಾಲಿಯನ್ನು ಬಿಡಲಿಲ್ಲ. ಆಟೋ ನಿಂತಲ್ಲೇ ನಿಂತಿತ್ತು.

ಎಲ್ಲರೂ ಓಡಿ ಬಂದರು. ಹುಡುಗನ ತಂದೆ ಷಡಕ್ಷರಪ್ಪನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ನೋಡಿದ ಕೂಡಲೇ ತೀರ್ಪು ಕೊಟ್ಟರು. "ಆಟೋದವನು ಕೆಳಗಿಂದ ಬಂದು, ನಿಂತಿದ್ದ ಕಾರಿಗೆ ಗುದ್ದಿದಾನೆ. ಯಾರೂ ಗಾಡಿ ಅಲುಗಾಡಿಸ್ಬೇಡಿ! ಇಂಥದ್ದಕ್ಕೆಲ್ಲ ಒಂದು ಕ್ರಮ ಇದೆ."

ಕ್ರಮ ಶುರುವಾಯಿತು. ಮಗನ ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಸಿದರು. ಆಟೋದ ನಂಬರು ಬರೆದುಕೊಂಡರು. ದಿನಾಂಕ, ಸಮಯ, ಸಾಕ್ಷಿಗಳ ಹೆಸರು, ಅವರ ಫೋನ್ ನಂಬರು. ನಿಲ್ಲಿಸಿದ ಕಾರಿಗೆ ಯಾರಾದರೂ ಗುದ್ದಿದರೆ ಏನೇನು ಮಾಡಬೇಕೋ ಒಂದನ್ನೂ ಬಿಡಲಿಲ್ಲ. ಬಿಟ್ಟದ್ದು ಒಂದೇ. ಗುದ್ದಿದ್ದು ಯಾರು ಎಂದು ನೋಡುವುದನ್ನು ಮರೆತರು.

ಖಾಲಿ ಕ್ಯಾನ್ ಹಿಡಿದು ಇಳಿದು ಬಂದ ಓಬಳೇಶ ಕಂಗಾಲಾದ. "ಸಾ, ನಾನು ಮಾಳಿಗೆ ಮ್ಯಾಲಿದ್ದೆ! ಕಲ್ಲು ಕೊಟ್ಟು ಹೋಗೀನಿ, ನೋಡ್ರಿ ಬೇಕಾರೆ!"

"ಗುದ್ದಿದ ಮೇಲೆ ಇಟ್ಟಿರ್ತೀಯ" ಎಂದರು ಶಿರಸ್ತೇದಾರರು.

ಹಾಲಮ್ಮ ಹೊಂಗೆಮರವನ್ನು ನೋಡಿದಳು. ಕಾರು ಅದರ ನೆರಳು ಬಿಟ್ಟು ಬಿಸಿಲಿಗೆ ಬಂದಿತ್ತು. ಗಂಡನನ್ನು ನೋಡಿದಳು. ಮೇಷ್ಟ್ರು ಕುತ್ತಿಗೆ ಒರೆಸಿಕೊಳ್ಳುತ್ತ ಆಕಾಶ ನೋಡುತ್ತಿದ್ದರು. ಅವರಿಗೂ ಗೊತ್ತಾಗಿತ್ತು.

ಓಬಳೇಶ ಅವಳ ಕಡೆಗೇ ತಿರುಗಿದ. "ಅವ್ವಾರೆ, ನೀವಾರ ಹೇಳ್ರಿ. ನೀವು ಬಂದಾಗ ನನ್ ಗಾಡಿ ಇಲ್ಲೇ ನಿಂತಿರ್ಲಿಲ್ವಾ? ನಿಮ್ಮುನ್ನ ಮಾತಾಡಿಸಿ ಹೋದ್ನಲ್ಲ?"

ಹಾಲಮ್ಮ ನೆಲ ನೋಡಿದಳು. "ನಾನು ಸರಿಯಾಗಿ ನೋಡ್ಲಿಲ್ಲಪ್ಪ."

ನಾಲ್ಕು ವರ್ಷ ನನ್ನನ್ನು ಸೆರಗಿನಲ್ಲಿ ಒರೆಸಿದವಳ ಬಾಯಿಂದ ಆ ಮಾತು ಬಂತು. ಯಾರೋ ಎಡವಿ ಬೀಳುತ್ತಾರೆಂದು ನಡುರಸ್ತೆಯಲ್ಲಿ ಕಾರಿನಿಂದ ಇಳಿದವಳ ಬಾಯಿಂದ. ಅವಳನ್ನು ಬೈಯುವ ಯೋಗ್ಯತೆ ನನಗಿಲ್ಲ. ಸಾಕ್ಷಿ ಹೇಳಬೇಕಾದವನು ನಾನೂ ಸೀಟಿನ ಕೆಳಗೆ ಬೆಚ್ಚಗೆ ಕೂತಿದ್ದೆ. ಕಲ್ಲಿಗೆ ಬಾಯಿಲ್ಲ ಎಂದು ನೀವು ಹೇಳಬಹುದು. ಬಾಯಿ ಇದ್ದವರೆಲ್ಲ ಅಲ್ಲಿ ಏನು ಮಾಡಿದರು?

ಆಟೋದ ಮಾಲೀಕ ಬಂದ. ಪೊಲೀಸ್ ಗಲಾಟೆ ಬೇಡವೆಂದು ಓಬಳೇಶನಿಂದ ತಪ್ಪೊಪ್ಪಿಗೆ ಬರೆಸಿದ. ಓಬಳೇಶ ಸಹಿ ಹಾಕಿದ ಮೇಲೆ ಕೀ ಕಿತ್ತುಕೊಂಡು, ನಾಳೆಯಿಂದ ಬರಬೇಡ ಎಂದ. ಕಾಗದವನ್ನು ಶಿರಸ್ತೇದಾರರು ಮಡಿಸಿ ಫೈಲಿಗೆ ಸೇರಿಸಿದರು. ಓಬಳೇಶ ಗಾಲಿಯ ಕೆಳಗಿದ್ದ ತನ್ನ ಕಲ್ಲನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡು ಇಳಿದು ಹೋದ.

ಸಂಬಂಧ ಕುದುರಿತು. ಮೇಷ್ಟ್ರು ಹ್ಯಾಂಡ್‌ಬ್ರೇಕ್ ರಿಪೇರಿ ಮಾಡಿಸಿದರು. ನನ್ನನ್ನು ಬಚ್ಚಲಿನ ಬಾಗಿಲಿಗೆ ಒತ್ತು ಕೊಡಲು ಹಾಕಿದರು. ದಿನ ಬೆಳಗಾದರೆ ಹಾಲಮ್ಮ ನನ್ನನ್ನು ನೋಡಲೇಬೇಕು. ಯಾರೂ ಕೇಳದಿದ್ದರೂ "ನಾವೇನು ಬೇಕಂತ ಮಾಡಿದ್ದಲ್ಲ" ಎಂದು ಒಬ್ಬಳೇ ಹೇಳಿಕೊಳ್ಳುವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳು ಯಾರೂ ಅನ್ನದೆಯೇ ಮುಟ್ಟಿಕೊಳ್ಳುತ್ತಿದ್ದಳು. ನಿಜ ಹೇಳಿಬಿಡೋಣ ಎಂದು ಅವಳು ಅಂದಾಗಲೆಲ್ಲ ಮೇಷ್ಟ್ರು, "ಮದುವೆ ಮುಗೀಲಿ" ಎಂದರು. ಆಮೇಲೆ "ಆಷಾಢ ಕಳೀಲಿ." ಆಮೇಲೆ "ಬಾಣಂತನ ಆಗ್ಲಿ." ಹೀಗೆ ಐದು ವರ್ಷ.

ಒಂದು ಬೆಳಿಗ್ಗೆ ಹಾಲಮ್ಮ ನನ್ನನ್ನು ತೊಳೆದು ಕೈಚೀಲಕ್ಕೆ ಹಾಕಿಕೊಂಡು, ಗಂಡನಿಗೆ ಹೇಳದೆ ದುರ್ಗದ ಬಸ್ಸು ಹತ್ತಿದಳು. ವಿಚಾರಿಸುತ್ತ ಹೋದರೆ ಓಬಳೇಶ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊರುತ್ತಿದ್ದ. ಅವಳು ನನ್ನನ್ನು ತೆಗೆದು ಅವನ ಮುಂದಿಟ್ಟು ಎಲ್ಲ ಹೇಳಿ ಅತ್ತಳು.

ಅವನು ಕೇಳಿಸಿಕೊಂಡ. ಹೆಗಲ ಗೋಣಿ ಕೊಡವಿದ.

"ನಿಮ್ ಕಾರು ಜಾರಿದ್ದು ನಂಗೆ ಅವತ್ತೇ ಗೊತ್ತಿತ್ತು ಕಣವ್ವಾ. ಗೊತ್ತಿರೋದ್ನ ನಂಗ್ಯಾಕೆ ಹೇಳ್ತೀರ? ನನ್ನ ಸುಳ್ಳ ಅಂದ ಬೀದಿ ಅಲ್ಲೈತೆ, ಅಲ್ಲೋಗಿ ಹೇಳ್ರಿ."

ಹಾಲಮ್ಮ ನನ್ನನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಏರು ಹತ್ತಿದಳು. ಬೀಗರ ಗೇಟಿನ ಮುಂದೆ ನಿಂತು ಅಲ್ಲಿಂದಲೇ ಕರೆದಳು. ಉಮಾ ಮಗುವನ್ನೆತ್ತಿಕೊಂಡು ಬಂದಳು, ಶಿರಸ್ತೇದಾರರು ಬಂದರು. ಮೊದಲ ಮಾತಿಗೇ ಅವರ ಮುಖ ಕೆಂಪಾಯಿತು.

"ಬೀಗತಿಯವ್ರೇ, ಒಳಗೆ ಬನ್ನಿ. ಬೀದೀಲಿ ಬೇಡ."

"ಅವನನ್ನ ಬೀದೀಲೇ ನಿಲ್ಸಿದ್ವಲ್ಲ ಬೀಗರೇ, ಬೀದೀಲೇ ಹೇಳ್ತೀನಿ" ಎಂದಳು ಹಾಲಮ್ಮ. ಹೇಳಿದಳು. ಎದುರು ಮನೆಯ ಮಹಡಿಯವರಿಗೂ ಕೇಳುವಂತೆ ಹೇಳಿದಳು.

ಶಿರಸ್ತೇದಾರರು ಒಳಗೆ ಹೋಗಿ ಫೈಲು ತಂದರು. ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. ಅವರೇ ತೆಗೆಸಿದ್ದ ಫೋಟೋ. ಆಟೋದ ಗಾಲಿಗೆ ಒತ್ತಿ ಕೂತ ಕಲ್ಲು ಅದರಲ್ಲಿ ಸ್ಪಷ್ಟವಾಗಿತ್ತು. ಅದರ ಬುಡದಲ್ಲಿ, ಗಾಲಿ ಒದ್ದ ರಭಸಕ್ಕೆ, ಮಣ್ಣು ಉಬ್ಬಿಕೊಂಡಿತ್ತು. ಆಮೇಲೆ ತಂದಿಟ್ಟ ಕಲ್ಲಿನ ಬುಡ ಹಾಗಿರುವುದಿಲ್ಲ. ಅವರು ಫೈಲಿನಿಂದ ತಪ್ಪೊಪ್ಪಿಗೆಯ ಕಾಗದವನ್ನು ಬಿಡಿಸಿ ತೆಗೆದರು.

ಮರುದಿನ ತಪ್ಪೊಪ್ಪಿಗೆಯ ಕಾಗದ ಹಿಡಿದು ತಾವೇ ಮಂಡಿಗೆ ಹೋದರು. "ಇಟ್ಕೊಂಡು ನಾನೇನ್ ಮಾಡ್ಲಿ ಸಾ" ಎಂದನಂತೆ ಓಬಳೇಶ. ಆದರೂ ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡನಂತೆ. ಹೋದ ಆಟೋ ಬರಲಿಲ್ಲ. ಅವನಿಗೆ ಈಗಲೂ ಮೂಟೆಯೇ.

ಹಾಲಮ್ಮ ಅಂದು ನನ್ನನ್ನು ಆ ಗೇಟಿನ ಬಳಿಯೇ ಬಿಟ್ಟು ಹೋದಳು. ನನಗೆ ವಯಸ್ಸಾಯಿತು. ತೆಳುವಾದ ತುದಿ ಮುರಿದಿದೆ. ಬೀದಿಗೆ ಬಂದವರೆಲ್ಲ ನನ್ನನ್ನು ಎಳೆದು ಗಾಲಿಗೆ ಕೊಡುತ್ತಾರೆ. ನಾನು ಹಿಡಿಯುತ್ತೇನೆ. ಹಿಡಿದಾಗಲೆಲ್ಲ ಆ ಹತ್ತು ಹೆಜ್ಜೆಯೇ ನೆನಪಾಗುತ್ತದೆ. ಸಾವಿರ ಗಾಡಿ ನಿಲ್ಲಿಸಿದರೂ ಜಾರಿದ ಆ ಒಂದು ಗಾಡಿ ನಿಲ್ಲುವುದಿಲ್ಲ.

ಮಗಳನ್ನು ನೋಡಲು ಹಾಲಮ್ಮ ಆಗಾಗ ಅದೇ ಕಾರಿನಲ್ಲಿ ಬರುತ್ತಾಳೆ. ಹ್ಯಾಂಡ್‌ಬ್ರೇಕ್ ಈಗ ಸರಿಯಾಗಿದೆ, ಆದರೂ ಗೇಟಿನಲ್ಲಿ ಬೀಗರು ನಿಂತಿದ್ದರೂ ಮೊದಲು ಬಗ್ಗಿ ನನ್ನನ್ನು ಗಾಲಿಗೆ ಇಡುತ್ತಾಳೆ. ಇಡುವಾಗ ಅವಳ ಮುಖ ನನ್ನ ಹತ್ತಿರಕ್ಕೆ ಬರುತ್ತದೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಳ್ಳುವುದಿಲ್ಲ.