ಸೌಟಕ್ಕನಿಗೆ ಸಿಗಡಿ ಒಗ್ಗದಾದಾಗ

ಮೊದಲ ದಿನ ಆದದ್ದು ಇಷ್ಟೇ. ಸಿಗಡಿ ಸೂಪಿನ ಉಪ್ಪು ನೋಡಿದ ಸೌಟಕ್ಕನ ತುಟಿ ಜುಮ್ಮೆಂದಿತು. ಅಂಗೈ ತುರಿಸಿತು. ಕತ್ತಿನ ಮೇಲೆ ನಾಲ್ಕು ದದ್ದು ಎದ್ದವು.

“ಸೊಳ್ಳೆ,” ಎಂದರು ಅತ್ತೆ.

ಎರಡನೆಯ ಸಲ ಕಣ್ಣಿನ ರೆಪ್ಪೆ ಊದಿತು.

“ಸೆಕೆ,” ಎಂದರು ಅತ್ತೆ.

ಮೂರನೆಯ ಸಲ ವಾಂತಿಯಾಯಿತು, ದನಿ ಒಡೆಯಿತು. “ಸಿಗಡಿ ಹಳಸಿತ್ತು ಅಂತ ಕಾಣತ್ತೆ,” ಎಂದರು. ಆದರೆ ಅದೇ ಪಾತ್ರೆಯ ಸೂಪನ್ನು ಆ ಮಧ್ಯಾಹ್ನ ಅರವತ್ತು ಜನ ಕುಡಿದಿದ್ದರು. ಒಬ್ಬರಿಗೂ ಏನೂ ಆಗಿರಲಿಲ್ಲ.

ಬಂದರಿನ ಗೇಟಿಗೆ ಎದುರಾಗಿ ಅವರ ಕ್ಯಾಂಟೀನು. ಎಂಟು ಮೇಜು, ಒಂದು ಅಡುಗೆಮನೆ, ಹಿಂದೆ ತಗಡಿನ ಚಪ್ಪರ. ಗಂಡ ಸಾಮಾನು ತಂದು ಗಲ್ಲಾದಲ್ಲಿ ಕೂರುತ್ತಿದ್ದ. ಒಲೆ ಮಾತ್ರ ಸೌಟಕ್ಕನದು. ಅದಕ್ಕೂ ಮೊದಲು ಮೂವತ್ತು ವರ್ಷ ಅತ್ತೆಯದು. ಮಂಡಿ ಸೋತ ಮೇಲೆ ಅತ್ತೆ ತಮ್ಮ ಮರದ ಸೌಟನ್ನು ಸೊಸೆಯ ಕೈಗೆ ಕೊಟ್ಟಿದ್ದರು. ತಳ ಕೆರೆದೂ ಕೆರೆದೂ ಅದರ ಒಂದು ಅಂಚು ಸವೆದುಹೋಗಿತ್ತು. ಅಲ್ಲಿಯ ಎಲ್ಲ ಪಾತ್ರೆಗಳ ರುಚಿ ನೋಡುವುದೂ ಆ ಒಂದೇ ಸೌಟಿನಲ್ಲಿ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ಬಿಸಿನೀರಿನ ಚೊಂಬಿನಲ್ಲಿ ಒಮ್ಮೆ ಅದ್ದಬೇಕು. ಸೋಪು ತಾಗಿಸುವಂತಿಲ್ಲ, ಮರಕ್ಕೆ ವಾಸನೆ ಹಿಡಿಯುತ್ತದೆ ಎಂಬುದು ಅತ್ತೆಯ ಕಟ್ಟಳೆ.

ಬಂದರಿನ ಕ್ಲಿನಿಕ್ಕಿನ ನರ್ಸಮ್ಮ ದಿನವೂ ಕಿಟಕಿ ಪಕ್ಕದ ಮೇಜಿನಲ್ಲಿ ಊಟ ಮಾಡುತ್ತಿದ್ದರು. ಒಡೆದ ದನಿ ಅವರ ಕಿವಿಗೆ ಬಿತ್ತು.

“ಸೌಟಕ್ಕಾ, ಯಾಕೆ ಗಂಟಲು ಹೀಗಿದೆ? ಏನು ತಿಂದಿದ್ರಿ?”

“ಏನೂ ಇಲ್ಲ ನರ್ಸಮ್ಮ. ಸಿಗಡಿ ಸೂಪು, ಒಂದು ಗುಟುಕು.”

“ಹೋದ ವಾರ ಕಣ್ಣು ಊದಿತ್ತಲ್ಲ, ಅವತ್ತು?”

ಸೌಟಕ್ಕ ನೆನಪು ಮಾಡಿಕೊಂಡಳು. “ಅವತ್ತೂ ಸಿಗಡಿನೇ.”

“ಇನ್ನು ಮುಟ್ಟಬೇಡಿ. ಸಿಗಡಿನೂ ಬೇಡ, ಏಡಿನೂ ಬೇಡ. ಇದು ಅಲರ್ಜಿ ಥರ ಇದೆ. ನಾಳೇನೇ ದೊಡ್ಡಾಸ್ಪತ್ರೆಗೆ ಹೋಗಿ.”

ಅತ್ತೆ ಒಳಗಿನಿಂದಲೇ ನಕ್ಕರು. “ಚೆನ್ನಾಗಿದೆ! ನಲವತ್ತೊಂದು ವರ್ಷ ಸಿಗಡಿ ತಿಂದೇ ಬೆಳೆದವಳು. ಈಗ ಸಿಗಡಿಗೆ ಇವಳು ಬೇಡವಾದಳಾ, ಇವಳಿಗೆ ಸಿಗಡಿ ಬೇಡವಾಯ್ತಾ? ಅಲರ್ಜಿ ಎಲ್ಲ ಹುಟ್ಟುವಾಗ ಬರೋದು, ನರ್ಸಮ್ಮ.”

“ಹಾಗೇನಿಲ್ಲಮ್ಮ. ಸಿಗಡಿ, ಏಡಿಯ ಅಲರ್ಜಿ ಎಷ್ಟೋ ಜನಕ್ಕೆ ದೊಡ್ಡವರಾದ ಮೇಲೇ ಶುರುವಾಗತ್ತೆ.”

“ಯಾಕಂತೆ?”

ನರ್ಸಮ್ಮ ಚಮಚ ಕೆಳಗಿಟ್ಟರು. “ನಮ್ಮ ಮೈಯೊಳಗೆ ಕಾವಲಿನವರು ಇದ್ದಾರೆ ಅಂದ್ಕೊಳ್ಳಿ. ರೋಗ ಬಂದ್ರೆ ಹೊಡೆದು ಓಡಿಸೋದು ಅವರ ಕೆಲಸ. ಸಿಗಡಿ ವರ್ಷಗಟ್ಟಲೆ ಬಂದು ಹೋಗ್ತಿದ್ದ ನೆಂಟ. ಒಂದು ದಿನ ಅದೇ ನೆಂಟನನ್ನ ನೋಡಿ ಕಾವಲಿನವರು ‘ಕಳ್ಳ, ಕಳ್ಳ’ ಅಂತ ಕೂಗಿಬಿಡ್ತಾರೆ. ಆಮೇಲೆ ಯಾವತ್ತು ಬಂದ್ರೂ ಗಲಾಟೆನೇ. ಆ ಗಲಾಟೆಯಲ್ಲಿ ಗಂಟಲು ಊದಬಹುದು, ಉಸಿರೇ ಕಟ್ಟಬಹುದು.”

“ಆ ದಿನಾನೇ ಯಾಕೆ ಕೂಗಿದ್ರು?”

“ಅದು ಡಾಕ್ಟರಿಗೂ ಪೂರ್ತಿ ಗೊತ್ತಿಲ್ಲಮ್ಮ.”

ಸೌಟಕ್ಕ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಇಷ್ಟು ವರ್ಷ ಜೊತೆಗಿದ್ದ ಮೈ ತನಗೆ ಹೇಳದೆ ಒಂದು ತೀರ್ಮಾನ ಮಾಡಿಕೊಂಡಿತ್ತು.

ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ನರ್ಸಮ್ಮ ಹೇಳಿದ್ದು ನಿಜವಾಗಿತ್ತು. ಡಾಕ್ಟರು ಪೆನ್ನಿನಂಥ ಎರಡು ಚುಚ್ಚುಮದ್ದು ಬರೆದುಕೊಟ್ಟರು. ಒಳಗಿರುವುದು ಅಡ್ರಿನಲಿನ್ ಎಂಬ ಔಷಧಿ.

ಆ ಸಂಜೆ ನರ್ಸಮ್ಮ ಸೂಜಿಯಿಲ್ಲದ ಅಭ್ಯಾಸದ ಪೆನ್ನು ತಂದು ಮೂವರನ್ನೂ ಕೂರಿಸಿಕೊಂಡರು. “ಮುಚ್ಚಳ ತೆಗೀಬೇಕು. ತೊಡೆಯ ಹೊರಗಡೆ, ಬಟ್ಟೆ ಮೇಲೇನೇ, ಗಟ್ಟಿಯಾಗಿ ಒತ್ತಬೇಕು. ಈ ಪೆನ್ನಿಗೆ ಹತ್ತು ಎಣಿಸಬೇಕು. ಎದ್ದು ನಿಲ್ಲೋಕೆ, ನಡೆಯೋಕೆ ಬಿಡಬೇಡಿ. ತಲೆ ಸುತ್ತಿದರೆ ಮಲಗಿಸಿ ಕಾಲು ಎತ್ತಿಡಿ. ಉಸಿರಿಗೆ ಕಷ್ಟವಾದರೆ ಕಾಲು ಚಾಚಿ ಕೂರಿಸಿ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ರೆ ಎರಡನೇ ಪೆನ್ನು.”

ಅತ್ತೆ ದಿಂಬಿಗೆ ಚುಚ್ಚಿದರು. “ದಿಂಬು ಬದುಕಿಕೊಂಡ್ತು ನೋಡಿ,” ಎಂದು ನಕ್ಕರು. ನಿಜವಾದ ಪೆನ್ನುಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಡೋಣ ಎಂದರು.

“ಬೀಗದ ಕೈ ಹುಡುಕೋವರೆಗೆ ಉಸಿರು ಕಾಯತ್ತಾ?” ಎಂದರು ನರ್ಸಮ್ಮ.

ಪೆನ್ನುಗಳು ಸೌಟಕ್ಕನ ಏಪ್ರನ್ನಿನ ಜೇಬು ಸೇರಿದವು.

ಸಿಗಡಿ ಬೇಯುವ ಹಬೆಯೂ ಅವಳಿಗೆ ಆಗದಿರಬಹುದು ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಸಿಗಡಿಯ ಒಲೆ ಹಿಂದಿನ ಚಪ್ಪರಕ್ಕೆ ಹೋಯಿತು. ಅತ್ತೆ ಸ್ಟೂಲು ಹಾಕಿಕೊಂಡು ಕದಡಿದರು, ಗಂಡ ರುಚಿ ನೋಡಿದ. ಅವನಿಗೆ ಸಮುದ್ರದ ನೀರು ಕೊಟ್ಟರೂ “ಚೆನ್ನಾಗಿದೆ” ಎನ್ನುವ ನಾಲಿಗೆ. ನಾಲ್ಕೇ ದಿನಕ್ಕೆ ಕ್ರೇನಿನವನು ಬಟ್ಟಲು ಹಿಂದಕ್ಕೆ ತಳ್ಳಿ, “ಅಣ್ಣಾ, ಇವತ್ತು ಉಪ್ಪು ರಜೆನಾ?” ಎಂದು ಕೇಳಿದ.

ಎಲ್ಲ ಸರಿಮಾಡಿದ್ದರು. ಒಂದನ್ನು ಬಿಟ್ಟು.

ಐದನೆಯ ದಿನ, ಊಟದ ಹೊತ್ತಿಗೆ ಸ್ವಲ್ಪ ಮೊದಲು, ಅತ್ತೆ ಚಪ್ಪರದಲ್ಲಿ ಸಿಗಡಿ ಕದಡಿದರು. ಸೌಟನ್ನು ಬಿಸಿನೀರಿನ ಚೊಂಬಿನಲ್ಲಿ ಅದ್ದಿದರು, ಮೂವತ್ತು ವರ್ಷ ಅದ್ದಿದ ಹಾಗೆಯೇ. ಒಳಗೆ ಬಂದು ಸೊಸೆಗೆ ಕೊಟ್ಟರು.

“ತಗೋ, ಹುರುಳಿಕಾಯಿ ಸೂಪಿನ ಉಪ್ಪು ನೋಡು.”

ಸೌಟಕ್ಕ ನೋಡಿದಳು. “ಉಪ್ಪು ಸರಿ ಇದೆ ಅತ್ತೆ,” ಎಂದಳು. ಆಮೇಲೆ ಕೈ ಗಂಟಲಿಗೆ ಹೋಯಿತು. ಮುಖ ಕೆಂಪಾಯಿತು, ತುಟಿ ದಪ್ಪಗಾಗಿ ನೀಲಿಗಟ್ಟಿತು. ಎದೆಯಿಂದ ಸೀಟಿಯಂಥ ಸದ್ದು ಬಂತು. ನಲ್ಲಿಯ ಕಡೆಗೆ ಹೋಗಲು ಹೆಜ್ಜೆಯಿಟ್ಟಳು.

“ನಡೀಬೇಡ! ಕೂತ್ಕೋ, ಮಗಳೇ, ಕೂತ್ಕೋ!”

ಅತ್ತೆ ಅವಳನ್ನು ಗೋಡೆಗೆ ಒರಗಿಸಿ ಕಾಲು ಚಾಚಿಸಿದರು. “ಆಂಬುಲೆನ್ಸ್ ಕರೆಯೋ!” ಎಂದು ಮಗನಿಗೆ ಕೂಗಿದರು. ಬಗ್ಗದ ಮಂಡಿ ನೆಲಕ್ಕೆ ಬಗ್ಗಿತು. ಜೇಬಿಗೆ ಕೈ ಹಾಕಿದರು, ಮುಚ್ಚಳ ಕಿತ್ತರು, ತೊಡೆಗೆ ಒತ್ತಿದರು.

“ಒಂದು. ಎರಡು. ಮೂರು.”

ಹತ್ತಾಯಿತು. ಪೆನ್ನು ತೆಗೆದರು. ಎಣಿಕೆ ನಿಲ್ಲಲಿಲ್ಲ. ಹನ್ನೊಂದು, ಹನ್ನೆರಡು. ಈಗ ಎಣಿಸುತ್ತಿದ್ದುದು ಸೊಸೆಯ ಉಸಿರನ್ನು.

ಗಂಡ ಬಾಗಿಲಲ್ಲಿ ಫೋನು ಹಿಡಿದು ವಿಳಾಸ ಹೇಳುತ್ತಿದ್ದ. ಮೂವತ್ತಾಯಿತು, ನಲವತ್ತಾಯಿತು. ಸೀಟಿ ಸಣ್ಣದಾಯಿತು. ಎಪ್ಪತ್ತರ ಹೊತ್ತಿಗೆ ತುಟಿಗೆ ಬಣ್ಣ ಬಂತು. ಮೊದಲು ಕೆಳತುಟಿಯ ನಡುವೆ, ಆಮೇಲೆ ಅಂಚಿಗೆ. ಬೆಳಗಾಗುವುದನ್ನು ಅತ್ತೆ ಸಾವಿರ ಸಲ ನೋಡಿದ್ದರು. ಒಂದು ಮುಖದ ಮೇಲೆ ನೋಡಿದ್ದು ಇದೇ ಮೊದಲು.

“ಅತ್ತೆ,” ಎಂದಳು ಸೌಟಕ್ಕ, “ಒಲೆ ಆರಿಸಿ. ತಳ ಹಿಡಿಯತ್ತೆ.”

ಅತ್ತೆ ನಗಲು ಹೋಗಿ ಅತ್ತುಬಿಟ್ಟರು.

ಗೆಲುವಾಗಿದ್ದರೂ ಅವಳನ್ನು ಆಂಬುಲೆನ್ಸಿನಲ್ಲೇ ಕಳಿಸಿದರು. ಕಡಿಮೆಯಾದದ್ದು ಕೆಲವು ಗಂಟೆಗಳಲ್ಲಿ ಮತ್ತೆ ಏಳಬಹುದು ಎಂದು ನರ್ಸಮ್ಮ ಎಚ್ಚರಿಸಿದ್ದರು. ಆಸ್ಪತ್ರೆಯವರು ಆ ದಿನ ಅಲ್ಲೇ ಇರಿಸಿಕೊಂಡು ನೋಡಿದರು.

ಮರುದಿನ ನರ್ಸಮ್ಮ ಅಡುಗೆಮನೆಗೆ ಬಂದರು. “ಹುರುಳಿಕಾಯಿ ಸೂಪಲ್ಲಿ ಸಿಗಡಿ ಎಲ್ಲಿಂದ ಬಂತಮ್ಮ?”

ಅತ್ತೆ ಸೌಟನ್ನು ಮುಂದೆ ಹಿಡಿದರು. ನರ್ಸಮ್ಮ ಅದರ ಸವೆದ ಅಂಚನ್ನೂ ಮರದ ಸಣ್ಣ ಬಿರುಕುಗಳನ್ನೂ ಬೆರಳಿನಿಂದ ಮುಟ್ಟಿ ನೋಡಿದರು.

“ಬಿಸಿನೀರಲ್ಲಿ ಅದ್ದಿದ್ದೆ ನರ್ಸಮ್ಮ. ಚೆನ್ನಾಗಿ ಅದ್ದಿದ್ದೆ.”

“ಗೊತ್ತಮ್ಮ. ಬಿರುಕಲ್ಲಿ ಉಳಿದ ಸಿಗಡಿಯ ಶಕ್ತಿ ಬಿಸಿನೀರಿಗೆ ಹೋಗಲ್ಲ. ಕುದಿಸಿದರೂ ಹೋಗಲ್ಲ. ಕಣ್ಣಿಗೆ ಕಾಣದಷ್ಟು ಸಾಕು.”

“ಕಣ್ಣಿಗೆ ಕಾಣದಷ್ಟು,” ಎಂದರು ಅತ್ತೆ ಮೆಲ್ಲಗೆ. “ಹಾಗಾದ್ರೆ ನಾನೇ ಕೊಟ್ಟೆ.”

“ಕೊಟ್ಟಿದ್ದೂ ನೀವೇ, ಉಳಿಸಿದ್ದೂ ನೀವೇ. ಎರಡನೇದನ್ನ ಮರೀಬೇಡಿ.”

ಆ ದಿನವೇ ಮರದ ಸೌಟು ಚಪ್ಪರದ ಮೊಳೆಗೆ ಹೋಯಿತು. ಅದು ಇನ್ನು ಸಿಗಡಿಗೆ ಮಾತ್ರ. ಒಳಗೆ ಹೊಸ ಸ್ಟೀಲಿನ ಸೌಟು ಬಂತು, ಬೇರೆ ಬಾಣಲೆ, ಬೇರೆ ಎಣ್ಣೆ, ಬೇರೆ ಒರೆಸುವ ಬಟ್ಟೆ. ಚಪ್ಪರದಿಂದ ಬಂದವರು ಸೋಪಿನಲ್ಲಿ ಕೈ ತೊಳೆದೇ ಒಳಗೆ ಕಾಲಿಡಬೇಕು. ಈ ಹೊಸ ಕಟ್ಟಳೆಯೂ ಅತ್ತೆಯದೇ.

ಉಪ್ಪಿನ ಮಾತೊಂದು ಉಳಿದಿತ್ತು. “ನೀವೇ ರುಚಿ ನೋಡಿ ಅತ್ತೆ,” ಎಂದಳು ಸೌಟಕ್ಕ.

“ಸೌಟಿನ ಜೊತೆ ನಾಲಿಗೆಯನ್ನೂ ನಿನಗೆ ಕೊಟ್ಟಾಯ್ತಲ್ಲೇ. ನನಗೀಗ ಒಂದೂ ಗೊತ್ತಾಗಲ್ಲ.”

“ಗೊತ್ತಾಗದಿದ್ರೆ ಬೇಡ. ನೋಡಿ ಸಾಕು. ನಿಮ್ಮ ಮುಖ ನನಗೆ ಹೇಳತ್ತೆ.”

ಚಪ್ಪರಕ್ಕೂ ಅಡುಗೆಮನೆಗೂ ನಡುವೆ ಮುಚ್ಚಿದ ಗಾಜಿನ ಕಿಟಕಿಯಿತ್ತು. ಅತ್ತೆ ಆಚೆ ನಿಂತು ಸಿಗಡಿ ಸೂಪನ್ನು ಬಾಯಿಗಿಟ್ಟುಕೊಂಡರು. ಸೌಟಕ್ಕ ಈಚೆ ನಿಂತು ಅವರ ಮುಖ ನೋಡಿದಳು. ಎಡಗಡೆಯ ಹುಬ್ಬು ಕೂದಲೆಳೆಯಷ್ಟು ಎದ್ದಿತು. ಸೌಟಕ್ಕ ಎರಡು ಬೆರಳೆತ್ತಿದಳು. ಅತ್ತೆ ಎರಡು ಚಿಟಿಕೆ ಉಪ್ಪು ಹಾಕಿ ಕದಡಿ ಮತ್ತೆ ಬಾಯಿಗಿಟ್ಟರು. ಹುಬ್ಬು ಏಳಲಿಲ್ಲ.

ಮಧ್ಯಾಹ್ನ ಕ್ರೇನಿನವನು ಬಟ್ಟಲು ಖಾಲಿ ಮಾಡಿ, “ಸೌಟಕ್ಕ ಮತ್ತೆ ಸಿಗಡಿ ತಿನ್ನೋಕೆ ಶುರು ಮಾಡಿದ್ರಾ?” ಎಂದ.

“ಇಲ್ಲಪ್ಪ,” ಎಂದಳು ಸೌಟಕ್ಕ. “ಈಗ ಅತ್ತೆ ತಿಂತಾರೆ, ನಾನು ರುಚಿ ನೋಡ್ತೀನಿ.”

ಓದುತ್ತಿರುವವರೇ, ಕೇಳುತ್ತಿರುವವರೇ. ಚಿಕ್ಕಂದಿನಿಂದ ತಿಂದದ್ದು ಎಂದಿಗೂ ಏನೂ ಮಾಡದು ಎಂದು ನಂಬಬೇಡಿ. ಸಿಗಡಿ, ಏಡಿ, ಚಿಪ್ಪಿನ ಮಾಂಸ ತಿಂದಾಗ ತುಟಿ ಜುಮ್ಮೆಂದರೆ, ದದ್ದೆದ್ದರೆ, ರೆಪ್ಪೆ ಊದಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಮುಂದಿನ ಸಲ ಅಷ್ಟಕ್ಕೇ ನಿಲ್ಲುತ್ತದೆ ಎಂದು ಯಾರೂ ಹೇಳಲಾರರು. ಅಭ್ಯಾಸವಾಗಲಿ ಎಂದು ಚೂರು ಚೂರು ತಿನ್ನಿಸಿ ನೋಡಬೇಡಿ. ಯಾವ ಮೀನು ತಿನ್ನಬಹುದು, ಯಾವುದು ಬೇಡ ಎಂಬುದನ್ನು ಡಾಕ್ಟರೇ ಹೇಳಲಿ. ಊಟಕ್ಕೆ ಹೊರಗೆ ಹೋದಾಗ ಒಂದೇ ಎಣ್ಣೆಯಲ್ಲಿ ಕರಿದಿದ್ದಾರೆಯೇ ಎಂದು ಕೇಳಲು ನಾಚಬೇಡಿ. ದನಿ ಒಡೆದು ಉಸಿರು ಕಟ್ಟಿದರೆ ತುರಿಕೆಯ ಮಾತ್ರೆ ನುಂಗಿ ಕಾಯಬೇಡಿ. ಡಾಕ್ಟರು ಕೊಟ್ಟ ಚುಚ್ಚುಮದ್ದಿದ್ದರೆ ತಕ್ಷಣ ಹಾಕಿ ಆಂಬುಲೆನ್ಸ್ ಕರೆಯಿರಿ. ಇಲ್ಲದಿದ್ದರೆ ಮೊದಲು ಆಂಬುಲೆನ್ಸನ್ನೇ ಕರೆಯಿರಿ.

ಹೋಗುವ ಉಸಿರಿಗೆ ಹೆಚ್ಚು ಹೊತ್ತು ಬೇಕಿಲ್ಲ. ಸೂಜಿ ಕೈಗೆಟಕುವಂತಿದ್ದರೆ, ಹಾಕಲು ಕಲಿತವರೊಬ್ಬರು ಪಕ್ಕದಲ್ಲಿದ್ದರೆ, ಮರಳಿ ಬರುವ ಉಸಿರಿಗೂ ಹೆಚ್ಚು ಹೊತ್ತು ಬೇಕಿಲ್ಲ. ಇಂದು ನಿಮ್ಮ ಮನೆಯವರೊಂದಿಗೆ ಊಟಕ್ಕೆ ಕೂತಾಗ ಒಮ್ಮೆ ತಲೆಯೆತ್ತಿ ಅವರ ಮುಖ ನೋಡಿ.